ಮಾವನ ನಿಧಾನದ ಕ್ಯಾಸೆಟ್ಟು

ನಮ್ಮ ಸೋದರಮಾವನಿಗೆ ಇಂಗ್ಲಿಷಿನ ಒಂದಕ್ಷರ ಬಾರದು. ಆದರೂ ಒಂದು ಇಡೀ ಇಂಗ್ಲಿಷ್ ಆಲ್ಬಮ್ಮನ್ನು ಲೋಕವೆಲ್ಲ ತಪ್ಪಾಗಿ ಕೇಳುತ್ತಿದೆ ಎಂದು ಆತ ಸಾಧಿಸಬಲ್ಲ. ಹಾಡಿದವರೇ ಎದುರು ಬಂದು ನಿಂತರೂ ತಿದ್ದಿ ಕಳಿಸುವ ಮನುಷ್ಯ!

ಸಿದ್ದಾಪುರದಲ್ಲಿ ಆತನಿಗೆ ನಾಲ್ಕೆಕರೆ ಭತ್ತದ ಗದ್ದೆ, ಎರಡು ಎಮ್ಮೆ, ಒಂದು ಟೇಪ್ ರೆಕಾರ್ಡರ್ ಮತ್ತು ಒಂದೇ ಒಂದು ಕ್ಯಾಸೆಟ್ ಇವೆ. ಹರೆಯದಲ್ಲಿ ಬಾಳೆಗೊನೆ ತರಲು ಆನೆಗೊಂದಿ ಊರಿಗೆ ಹೋಗಿದ್ದಾಗ, ಹೊಳೆ ದಂಡೆಯ ಬಂಡೆಯ ಮೇಲೆ ಕುಣಿಯುತ್ತಿದ್ದ ವಿದೇಶಿಯೊಬ್ಬ ಅರ್ಧ ಗೊನೆ ತಿಂದು ಬದಲಿಗೆ ಈ ಕ್ಯಾಸೆಟ್ ಕೊಟ್ಟನಂತೆ. ಎಂಬತ್ತರ ದಶಕದ ಡಾನ್ಸ್ ಹಾಡುಗಳು. ಕವರಿನ ಮೇಲೆ ಕಣ್ಣಿಗೆ ಕಾಡಿಗೆ ಹಚ್ಚಿ, ಒಂದು ಕಣ್ಣು ಮುಚ್ಚುವಂತೆ ಕೂದಲು ಇಳಿಬಿಟ್ಟ ನಾಲ್ವರು ಗಂಡಸರು. ಡೋಲಿಲ್ಲ, ತಬಲಾ ಇಲ್ಲ. ಎಲ್ಲವನ್ನೂ ಯಂತ್ರವೇ ಬಾರಿಸುತ್ತದೆ.

"ರೈಸ್ ಮಿಲ್ ಇದ್ದಂಗ ಐತಿ ಅಳಿಯಾ, ತಾಳ ತಪ್ಪಂಗಿಲ್ಲ" ಎಂಬುದು ಮಾವನ ವಿಮರ್ಶೆ.

"ಮಾರಿ ಮ್ಯಾಲ ನಗು ಇಲ್ಲ ನೋಡು ಪಾಪ, ಉಂಡಾರೋ ಇಲ್ಲೋ" ಎಂಬುದು ಅತ್ತೆಯದು. ಚಿಕ್ಕವಳಿದ್ದಾಗ ಬಂದ ಜ್ವರದಿಂದ ಎಡಗಾಲು ಎಳೆದು ನಡೆಯುವ ಅತ್ತೆ, ಆ ಕ್ಯಾಸೆಟ್ಟನ್ನು ದೇವರ ಸಾಮಾನಿನ ಜೊತೆಗೇ ಒರೆಸಿಡುತ್ತಾಳೆ.

ಮಾವ ಸಂಜೆ ಪಡಸಾಲೆಯ ಬಾಗಿಲು ಮುಂದಕ್ಕೆ ಮಾಡಿಯೇ ಹಾಡು ಹಾಕುವುದು. ಎಮ್ಮೆಗಳು ಬೆದರುತ್ತವಂತೆ! ಬೆದರಲು ಅಲ್ಲೇನಿದೆ? ಆತನ ಟೇಪಿನಲ್ಲಿ ಹಾಡುಗಳು ಓಡುವುದಿಲ್ಲ, ಊಟ ಹೆಚ್ಚಾದವರಂತೆ ನಡೆಯುತ್ತವೆ. "ಪಂಪ್‌ಸೆಟ್ ಚಾಲೂ ಅದಾವ, ವೋಲ್ಟೇಜ್ ಇಲ್ಲ" ಎಂದು ಮಾವ ಹೇಳಿದ್ದನ್ನು ಇಷ್ಟು ವರ್ಷ ಊರೇ ನಂಬಿತ್ತು. ಹೊಸ ಸೆಲ್ ಹಾಕಿದಾಗಲೂ ಅಷ್ಟೇ ನಿಧಾನ ಯಾಕೆ ಎಂದು ಒಬ್ಬರಾದರೂ ಕೇಳಬೇಕಿತ್ತಲ್ಲವೇ? ಕಾಲೇಜು ಮೆಟ್ಟಿಲು ಹತ್ತಿದ ನಾನೂ ಕೇಳಲಿಲ್ಲ.

ಹೋದ ವರ್ಷ ತಂಗಿಯ ಮದುವೆಯಲ್ಲಿ ಮಾವನನ್ನು ಖುಷಿಪಡಿಸಲೆಂದು ಅದೇ ಆಲ್ಬಮ್ಮನ್ನು ಫೋನಿನಲ್ಲಿ ಹುಡುಕಿ ಡಿಜೆಯವನಿಗೆ ಕೊಟ್ಟೆ. ಮಾವ ತಲೆ ಓರೆ ಮಾಡಿ ಕೇಳಿದ.

"ಇವರ್ಯಾಕೋ ಹಿಂಗ ಓಡಾಕತ್ಯಾರ? ನಾಯಿ ಬೆನ್ನ ಹತ್ಯಾವೇನು?"

"ಮಾಮಾ, ಇದರ ಖರೇ ಓಟ ಇದ ಐತ್ರಿ."

"ಸುಳ್ಳ. ಡೂಪ್ಲಿಕೇಟ್ ಮಾಲು!"

ಕುಣಿಯಲೇ ಇಲ್ಲ. ಮೂಲೆಯ ಕುರ್ಚಿಯಲ್ಲಿದ್ದ ಅತ್ತೆಯ ಪಕ್ಕ ಹೋಗಿ ಕುಳಿತು ಎಲೆ ಅಡಿಕೆ ಹಾಕಿಕೊಂಡ.

ಕಳೆದ ತಿಂಗಳು ಟೇಪು ಪೂರ್ತಿ ನಿಂತಿತು. ಮಾವ ಮೂರು ದಿನದಿಂದ ಸರಿಯಾಗಿ ಉಂಡಿಲ್ಲವೆಂದು ಅತ್ತೆ ಫೋನ್ ಮಾಡಿದಳು. ಆತನನ್ನೂ ಟೇಪನ್ನೂ ಬೈಕಿನ ಹಿಂದೆ ಕೂರಿಸಿಕೊಂಡು ಗಂಗಾವತಿಯ ಹಳೆಯ ರೇಡಿಯೋ ರಿಪೇರಿಯವನ ಬಳಿ ಹೋದೆ. ಆತ ಬೆಲ್ಟು ಬದಲಿಸಿ, ಮೋಟಾರಿನ ಹಿಂದಿನ ಸಣ್ಣ ತೂತಿನಲ್ಲಿ ಇಣುಕಿದ.

"ಮೋಟಾರ್ ಛಲೋ ಐತ್ರಿ. ಒಳಗಿನ ಸ್ಕ್ರೂ ಯಾರೋ ಬೇಕಂತ ತಿರುವ್ಯಾರ, ಅದಕ್ಕ ನಿಧಾನ ಆಗೈತಿ. ಸರಿ ಮಾಡ್ಲೇನ್ರಿ?"

"ಕೈ ಹಚ್ಚಬ್ಯಾಡ್ರಿ!" ಮಾವ ಟೇಪನ್ನು ಎಳೆದು ಕಂಕುಳಲ್ಲಿ ಇಟ್ಟುಕೊಂಡ.

ಮರಳುವ ದಾರಿಯಲ್ಲಿ ಕೇಳಿದೆ: "ಯಾರು ತಿರುವಿದ್ರು ಮಾಮಾ?"

ಬೈಕು ಕಾಲುವೆ ದಾಟಿತು. ಆಮೇಲೆ ಬೆನ್ನ ಹಿಂದಿನಿಂದ ಸಣ್ಣ ದನಿ ಬಂತು.

"ಮದುವಿ ಆದ ಹೊಸದಾಗ ನಿಮ್ಮತ್ತಿಗಿ ಕುಣಿಯೂನು ಬಾ ಅಂದೆ. ಆ ಓಟಕ್ಕ ಆಕಿ ಕಾಲು ಕೂಡಲಿಲ್ಲ, ಬಿದ್ಲು. ಭಾಳ ಅತ್ಲು. ಮರುದಿನ ನಾನ ತಿರುವಿದೆ. ಆಕಿಗಿ ವೋಲ್ಟೇಜ್ ಇಲ್ಲಂತ ಹೇಳೀನಿ. ನೀ ಬಾಯಿ ಬಿಡಬ್ಯಾಡ."

ಇಷ್ಟು ವರ್ಷ ಈ ಮನುಷ್ಯನನ್ನು ನೋಡಿ ನಕ್ಕಿದ್ದಕ್ಕೆ ನಾಚಿಕೆಯಾಯಿತು.

ಮನೆಯಲ್ಲಿ ಅತ್ತೆ ರೊಟ್ಟಿ ಬಡಿಯುತ್ತಿದ್ದಳು. ಮಾವ ಟೇಪಿನ ಗುಂಡಿ ಒತ್ತಿದ. ಹಾಡು ಎಂದಿನಂತೆ ಕಾಲೆಳೆಯುತ್ತ ಹೊರಟಿತು.

"ಇವತ್ತೂ ವೋಲ್ಟೇಜ್ ಇಲ್ಲೇನ್ರಿ?" ಅತ್ತೆ ಕೇಳಿದಳು.

"ಇಲ್ಲ" ಎಂದ ಮಾವ, ನನ್ನತ್ತ ನೋಡದೆ.

ತಲೆಯ ಮೇಲೆ ಫ್ಯಾನು ಗಿರ್ರನೆ ತಿರುಗುತ್ತಿತ್ತು. ಅತ್ತೆ ಅದನ್ನೊಮ್ಮೆ ನೋಡಿದಳು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದು, ಮಾವನ ಕೈ ಹಿಡಿದಳು.

"ಹೌದ್ರಿ, ಒಟ್ಟ ವೋಲ್ಟೇಜ್ ಇಲ್ಲ" ಎಂದಳು.

ನಾನು ಹೊರಗೆ ಬಂದು ಬಾಗಿಲು ಮುಂದಕ್ಕೆ ಮಾಡಿದೆ.