ಈರುಳ್ಳಿ ಬಣ್ಣದ ವೈರಿ

ಕಂಪ್ಯೂಟರ್ ಕಲಿಸುವ ಜಾಗದಲ್ಲಿ ಕಲಿಕೆಗಿಂತ ಅವಾಂತರವೇ ಹೆಚ್ಚು. ಎರಡು ಸಾವಿರದ ಆಸುಪಾಸಿನಲ್ಲಿ ನಾನು ಚಿತ್ರದುರ್ಗದ ಒಂದು ಸೆಂಟರಿನಲ್ಲಿ ಮೇಷ್ಟ್ರಾಗಿದ್ದೆ. ಸಂಜೆ ಕ್ಲಾಸು ಮುಗಿದರೆ ಮಾಲೀಕರು ಇಂಟರ್‌ನೆಟ್ಟಿನಲ್ಲಿ ಒಂದು ಆಟಕ್ಕೆ ಕೂರುತ್ತಿದ್ದರು. ಅದರಲ್ಲಿ ಚಿತ್ರವಿಲ್ಲ, ಕಪ್ಪು ಪರದೆಯ ಮೇಲೆ ಬರೀ ಅಕ್ಷರ. ಆಟದಲ್ಲಿ ಅವರು ನಡೆಸುವ ವೀರ ಸತ್ತರೆ ವರ್ಷಗಟ್ಟಲೆ ಗಳಿಸಿದ ಕತ್ತಿ, ಗುರಾಣಿ, ಪದವಿ ಎಲ್ಲ ಹೋದಂತೆ. ಅಪಾಯದ ಸಾಲು ಬೇರೆ ಬಣ್ಣದಲ್ಲಿ ಕಾಣಲೆಂದು ನಾನೊಂದು ಪುಟ್ಟ ಪ್ರೋಗ್ರಾಂ ಬರೆದುಕೊಟ್ಟೆ. ಬಣ್ಣದ ಹೆಸರು ಕೊಟ್ಟರೆ ಅದು ಪಟ್ಟಿಯಲ್ಲಿ ಹುಡುಕಿ ಹಚ್ಚುತ್ತಿತ್ತು.

೧. ಕಾಣದ ಸಾಲು

ಮಾಲೀಕರ ಮನೆತನದ್ದು ಹಿರಿಯೂರಿನಲ್ಲಿ ಸೀರೆ ಅಂಗಡಿ. 'ವೈರಿ ಬಂದ' ಎಂಬ ಸಾಲಿಗೆ ಅವರು ಈರುಳ್ಳಿ ಬಣ್ಣ ಎಂದು ಬರೆದರು. ಗೊತ್ತಿಲ್ಲದ ಹೆಸರಿಗೆಲ್ಲ ನನ್ನ ಪ್ರೋಗ್ರಾಂ ಕಪ್ಪು ಹಚ್ಚುತ್ತಿತ್ತು. ವೀರ ಅರೆಜೀವವಾಗಿ ತಪ್ಪಿಸಿಕೊಂಡ.

"ವೈರಿ ಬಂದಿದ್ದು ಹೇಳ್ಲೇ ಇಲ್ವಲ್ಲಪ್ಪ?"

"ಹೇಳೈತೆ ಸಾರ್. ಕಪ್ಪಿನ ಮ್ಯಾಲೆ ಕಪ್ಪಲ್ಲಿ ಹೇಳೈತೆ."

೨. ಸೀರೆ ಪಂಚಾಯಿತಿ

ಗೊತ್ತಿಲ್ಲದ ಹೆಸರಿಗೆ ಹತ್ತಿರದ ಬಣ್ಣ ಹಚ್ಚುವಂತೆ ಸುಧಾರಿಸಿದೆ. ಈರುಳ್ಳಿ ಕೆಂಪಿಗೆ ಸೇರಿತು. ರಾಮಾ ಹಸಿರು ಎಂಬ ಸೀರೆ ಬಣ್ಣಕ್ಕೆ ಜಗಳ ಹತ್ತಿತು. ಅದು ಹಸಿರು ಎಂದರು ಮಾಲೀಕರು, ನೀಲಿ ಎಂದರು ಹೊಳಲ್ಕೆರೆಯಿಂದ ಬರುತ್ತಿದ್ದ ಟೈಪಿಂಗ್ ಮೇಡಂ. ತೀರ್ಪಿಗೆ ಮಹಡಿ ಮೇಲಿನ ಮನೆಯಿಂದ ಮಾಲೀಕರ ಹೆಂಡತಿ ಇಳಿದು ಬಂದರು. ನಾವೆಲ್ಲ ಅವರನ್ನು ಅಕ್ಕ ಎನ್ನುತ್ತಿದ್ದೆವು. ಆ ಬಣ್ಣದ ಸೀರೆಯನ್ನೇ ತಂದು ಮಾನಿಟರಿನ ಪಕ್ಕ ಹಿಡಿದರು.

"ಸೀರೆ ಸರಿಯಾಗೈತೆ," ಎಂದರು. "ನಿಮ್ಮ ಟೀವಿನೇ ಬಣ್ಣ ಬಿಟ್ಟೈತೆ."

೩. ಶುಭ, ಅಶುಭ

ಅಂದಿನಿಂದ ಬಣ್ಣದ ಯಜಮಾನಿಕೆ ಅಕ್ಕನದಾಯಿತು. "ಕೆಟ್ಟ ಸುದ್ದಿಗೆ ಕುಂಕುಮದ ಕೆಂಪು ಯಾರಾದ್ರೂ ಹಚ್ತಾರೇನಪ್ಪ?" ಎಂದು ನನ್ನನ್ನು ಗದರಿದರು. ಒಳ್ಳೆಯದಕ್ಕೆ ಕೆಂಪು, ಕೆಟ್ಟದ್ದಕ್ಕೆ ಬಿಳಿ ಎಂದು ಬದಲಾಯಿಸಿದೆ. ಮಾಲೀಕರಿಗೆ ಅಕ್ಕ ಹೇಳುತ್ತಾರೆಂದು ನಾನು, ನಾನು ಹೇಳುತ್ತೇನೆಂದು ಅಕ್ಕ, ಇಬ್ಬರೂ ಸುಮ್ಮನಿದ್ದೆವು.

ಆ ಸಂಜೆ 'ಗಾಯ ವಾಸಿಯಾಯಿತು' ಎಂದು ಕೆಂಪಗೆ ಬಂತು. ಮಾಲೀಕರು ಓದದೆಯೇ ವೀರನನ್ನು ಓಡಿಸಿದರು, ಓಡಿಸಿದ್ದು ನೇರ ರಾಕ್ಷಸನ ಗುಹೆಗೆ. 'ರಾಕ್ಷಸ ಗದೆ ಎತ್ತಿದ' ಎಂದು ಬೆಳ್ಳಗೆ ಬಂತು. ಮಾಲೀಕರು ನಿರಾಳವಾಗಿ ಟೀ ಕುಡಿದರು.

ವೀರ ಸತ್ತ. ಮಾಲೀಕರ ಮುಖ ನೋಡಿ ನನಗೆ ನಿಜಕ್ಕೂ ಬೇಜಾರಾಯಿತು. ಊಟಕ್ಕೆ ಕರೆಯಲು ಅಕ್ಕ ಬಂದರು.

"ಏನಾಯ್ತು?"

"ಹೋಗ್ಬಿಟ್ಟ ಕಣೇ," ಎಂದರು ಮಾಲೀಕರು.

ಅಕ್ಕ ಪರದೆ ನೋಡಿದರು, ಗಂಡನನ್ನು ನೋಡಿದರು. "ಯಾರೇ ಆಗ್ಲಿ, ಸಾವು ಸಾವೇ. ತಲೆ ಮ್ಯಾಲೆ ನೀರು ಹುಯ್ಕಂಡು ಬರ್ರಿ, ಆಮ್ಯಾಲೆ ಊಟ."

ಮಾಲೀಕರು ಎದ್ದು ಬಚ್ಚಲಿಗೆ ಹೋದರು. ನನಗೆ ನಗು ತಡೆಯಲಾಗಲಿಲ್ಲ.

"ನಗಬ್ಯಾಡ," ಎಂದರು ಅಕ್ಕ. "ಅವರದಾದ ಮ್ಯಾಲೆ ನೀನು. ಸಾಯುವಾಗ ನೀನೂ ಪಕ್ಕದಾಗೇ ಇದ್ದಲ್ಲ."