ಹೊತ್ತು ಮುಳುಗೋದ್ರೊಳಗ ಒಂದು ಬಿಸಿ ಊಟ

ನಾನು ಚೇಷ್ಟೆ ಮಾಡುವುದು, ಅದು ತಿರುಗಿ ನನ್ನ ಮೈಮೇಲೇ ಬೀಳುವುದು ತೇರದಾಳದಲ್ಲಿ ವಾರಕ್ಕೆರಡು ಸಲ ಆಗುತ್ತಿತ್ತು. ಇಟಲಿಯಲ್ಲಿ ದಿನಾ ಆತು.

ವಿದೇಶಕ್ಕೆ ಹೋಗುವಷ್ಟು ಕಲಿತವನಲ್ಲ ನಾನು. ಎಸ್ಸೆಸ್ಸೆಲ್ಸಿ ಗಣಿತ ನನ್ನನ್ನು ಎರಡು ಸಲ ಹೊರಗೆ ಹಾಕಿದೆ. ಅಪ್ಪನದು ಹೊಲಕ್ಕೆ ನೀರು ಬಿಡುವ ಪೈಪಿನ ಅಂಗಡಿ. ಪೈಪು ಜೋರು ಮಾರಿದ್ದಕ್ಕೆ ಕಂಪನಿಯವರು ಇಬ್ಬರಿಗೆ ಇಟಲಿ ಟಿಕೆಟ್ ಕೊಟ್ಟರು. ಅಪ್ಪ ಅಂಗಡಿ ಬಿಟ್ಟು ಬರುವಂತಿಲ್ಲ, ಅವ್ವಗೆ ವಿಮಾನ ಅಂದರೆ ಎದೆ ಡವಡವ. "ನಾ ಸಮುದ್ರ ನೋಡಿಲ್ಲೋ, ನಾ ಹೋಗತೇನಿ" ಅಂದಳು ಆಯಿ, ಅಂದರೆ ಅಪ್ಪನ ಅವ್ವ. ಚೀಲ ಹೊರಲು ನಾನು. ಮುಂಬೈಗೆ ಹೊರಟ ಬಸ್ಸಿನ ತುಂಬ ಜಮಖಂಡಿ, ಮುಧೋಳ, ಬೀಳಗಿಯ ಪೈಪಿನಂಗಡಿಯವರು.

ಇಟಲಿಯ ತೆಂಕಣ ಭಾಗದಲ್ಲಿ, ಸಮುದ್ರದ ದಂಡೆಗೆ ಬಾರಿ ಅಂತ ಒಂದು ಹಳೇ ಊರು. ಕೋಟೆ, ಚರ್ಚು, ಒಬ್ಬರ ಮೈಗೆ ಒಬ್ಬರು ತಾಗುವಷ್ಟು ಇಕ್ಕಟ್ಟಾದ ಓಣಿಗಳು. ಎಲ್ಲಾ ಛಲೋ. ಕುತ್ತು ಒಂದೇ. ನಾವು ಜೈನರು. ನಾನು ಯಾವ ಹೊತ್ತಿಗಾದರೂ ತಿನ್ನುವವ; ಆಯಿಗೆ ಉಳ್ಳಾಗಡ್ಡಿ ಇಲ್ಲ, ಬಳ್ಳೊಳ್ಳಿ ಇಲ್ಲ, ಹೊತ್ತು ಮುಳುಗಿದ ಮೇಲೆ ನೀರೂ ಇಲ್ಲ. ಅಲ್ಲಿ ಹೊತ್ತು ಮುಳುಗುವುದು ಆರಕ್ಕೆ, ಊಟದ ಹೋಟೆಲು ತೆಗೆಯುವುದು ಎಂಟಕ್ಕೆ. ಮಧ್ಯಾಹ್ನದ ಗದ್ದಲದಲ್ಲಿ ಬೇರೆ ಅಡಿಗೆ ಯಾರೂ ಮಾಡಿಕೊಡುವುದಿಲ್ಲ.

೧. ಡಬ್ಬಿ

ಆಯಿಗೆ ಇದೆಲ್ಲ ಮೊದಲೇ ಗೊತ್ತಿತ್ತು. ಒಂದು ದೊಡ್ಡ ಸ್ಟೀಲಿನ ಡಬ್ಬಿ ತುಂಬ ಕಡಕ್ ರೊಟ್ಟಿ, ಶೇಂಗಾ ಚಟ್ನಿ ತಂದಿದ್ದಳು. ಮುಂಬೈ ವಿಮಾನ ನಿಲ್ದಾಣದ ಮುಂದೆ ಬಸ್ ನಿಂತಾಗ ನನಗೆ ಕೈ ತುರಿಸಿತು. ಆಯಿ ಗಾಬರಿಯಾಗಲಿ, ಆಮೇಲೆ ತೆಗೆದುಕೊಟ್ಟು ನಗೋಣ ಅಂತ ಡಬ್ಬಿಯನ್ನು ಸೀಟಿನ ಕೆಳಗೆ ಮುಚ್ಚಿಟ್ಟೆ.

ಕೆಳಗಿಳಿದ ಮೇಲೆ ಆಯಿ ಚೀಲ ತಡಕಾಡಿ, "ಲೇ, ಡಬ್ಬಿ ಎಲ್ಲೈತ್ಲೇ?" ಅಂದಳು.

ನಾನು ಗತ್ತಿನಿಂದ ಹಿಂದೆ ತಿರುಗಿದೆ. ಬಸ್ ಹೋಗಿಬಿಟ್ಟಿತ್ತು.

ಅಂದುಕೊಂಡಂತೆ ಆಯಿ ಗಾಬರಿಯಾದಳು. ನಗುವುದು ಮಾತ್ರ ಆಗಲಿಲ್ಲ.

೨. ಗವಿ

ಎರಡು ದಿನ ಆಯಿ ಬಾಳೆಹಣ್ಣು, ಹಾಲಿನ ಮೇಲೆ ಇದ್ದಳು. ಬೈಯಲಿಲ್ಲ. "ಸಮುದ್ರ ಛಲೋ ಐತಿ ನೋಡು" ಅಂದಳು, ಅಷ್ಟೇ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಮೂರನೇ ದಿನ ಟೂರ್ ಮ್ಯಾನೇಜರ್ ನಾವು ಇಳಿದಿದ್ದ ಹೋಟೆಲಿನ ಅಡಿಗೆಯವನ ಕೈಕಾಲು ಹಿಡಿದು ಒಂದು ಡಬ್ಬಿ ಬಿಸಿ ಅನ್ನ ಮಾಡಿಸಿ ತಂದ. ಅವತ್ತು ದಂಡೆಗುಂಟ ದೋಣಿಯಲ್ಲಿ ಸುತ್ತಾಟ. ನಾಲ್ಕು ಗಂಟೆಯ ಸುಮಾರಿಗೆ ಆಯಿ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದಳು. ಅದೇ ಹೊತ್ತಿಗೆ ದೋಣಿ ಬಂಡೆಯೊಳಗಿನ ಒಂದು ಗವಿಗೆ ಹೊಕ್ಕಿತು. ಗವ್ವನೆ ಕತ್ತಲೆ.

"ಅಯ್ಯ, ಹೊತ್ತು ಮುಳುಗೇ ಬಿಡ್ತಲ್ಲೋ!"

ನನ್ನ ನಾಲಿಗೆ ಸುಮ್ಮನಿರಬೇಕಲ್ಲ. "ಹೌದಾಯಿ, ಇಲ್ಲಿ ಸೂರ್ಯ ಫಟ್ಟಂತ ಮುಳುಗತಾನ" ಅಂದೆ.

ಚೇಷ್ಟೆ ಅಂತ ಹೇಳುವುದರೊಳಗೆ ಆಯಿ ಬಾಯಿ ಮುಕ್ಕಳಿಸಿ, ಕೈ ಮುಗಿದು, ನಾಳೆ ಬೆಳಗಿನವರೆಗೆ ಏನೂ ಮುಟ್ಟುವುದಿಲ್ಲ ಅಂತ ನೇಮ ತಗೊಂಡುಬಿಟ್ಟಳು. ತಗೊಂಡ ನೇಮ ತಿರುಗುವುದಿಲ್ಲ. ದೋಣಿ ಹೊರಗೆ ಬಂತು. ಆಕಾಶದಲ್ಲಿ ಸೂರ್ಯ ಢಾಳಾಗಿ ಕೂತಿದ್ದ.

"ಅನ್ನ ಕೆಡಬಾರದಪಾ" ಅಂತ ಬೀಳಗಿಯವರೊಬ್ಬರು ಅಷ್ಟನ್ನೂ ತಿಂದರು. ತಿಂದು, ಉಪ್ಪಿಲ್ಲ ಅಂತ ನನಗೇ ಬೈದರು.

೩. ಮಹಾರಾಣಿ

ನಾಲ್ಕನೇ ದಿನ ಮೆಟ್ಟಿಲು ಇಳಿಯುವಾಗ ಆಯಿಯ ಕಾಲು ನಡುಗಿದವು. ಬಂದರಿನ ಹತ್ತಿರ ಒಂದು ಹೋಟೆಲಿನ ಅರ್ಧ ತೆರೆದ ಬಾಗಿಲು ಬಡಿದೆ. ಮಾಲಕ ಗಡಿಯಾರ ತೋರಿಸಿ, ಎಂಟಕ್ಕೆ ಬಾ ಅಂತ ಕೈಮಾಡಿದ.

ನಾನು ಆಯಿಯ ಕಡೆ ಬೆರಳು ಮಾಡಿ, "ಕ್ವೀನ್! ಇಂಡಿಯಾ ಕ್ವೀನ್! ಜಮಖಂಡಿ!" ಅಂದೆ.

ಆಯಿ ಇಳಕಲ್ಲ ಸೀರೆ ಉಟ್ಟು, ಹಸಿವಿಗೆ ಮುಖ ಬಿಗಿದುಕೊಂಡು ನಿಂತಿದ್ದಳು. ಖರೇ ರಾಣಿಯಂಗೇ ಕಂಡಳು. ಮಾಲಕ ಬಾಗಿಲು ಪೂರಾ ತೆರೆದ, ಬಿಳೀ ಬಟ್ಟೆ ಹಾಸಿದ, ದೀಪ ಹಚ್ಚಿದ. ಐದು ಗಂಟೆ. ಗೆದ್ದೆ ಅಂದುಕೊಂಡೆ.

ಮಹಾರಾಣಿಯವರ ಗೌರವಕ್ಕೆ ಅವನು ತಂದು ಮುಂದಿಟ್ಟಿದ್ದು ಒಂದು ಬಕೆಟ್. ಒಳಗೆ ಜೀವಂತ ಆಕ್ಟೋಪಸ್, ಆಗಷ್ಟೇ ಹಿಡಿದದ್ದು.

ಆಯಿ ಕಣ್ಣು ಮುಚ್ಚಿ, "ಇದನ್ನ ನೀರಿಗೆ ಬಿಟ್ಟು ಬಾ. ಅದು ಹೋಗೋತನ ನಾ ಬಾಯಾಗ ಏನೂ ಹಾಕೂದಿಲ್ಲ" ಅಂದಳು.

ಬಕೆಟ್ ಹೊತ್ತು ಬಂದರಿಗೆ ಓಡಿದೆ, ಹಿಂದೆ ಅರ್ಧ ಊರು. ನೀರಿಗೆ ಬಿಡಲು ಕೈ ಹಾಕಿದರೆ ಅದು ಎಂಟೂ ಕಾಲಿನಿಂದ ನನ್ನ ತೋಳು ತಬ್ಬಿಕೊಂಡಿತು. ಒಂದು ಕಾಲು ಬಿಡಿಸಿದರೆ ಮೂರು ಅಂಟುತ್ತಿದ್ದವು. ನಾಲ್ಕು ಮಂದಿ ಮೀನುಗಾರರು ಸೇರಿ ಬಿಡಿಸುವುದರೊಳಗೆ ಹೊತ್ತು ಮುಳುಗಿತು.

ಆ ಊರಿನಲ್ಲಿ ನನ್ನನ್ನು ಬಿಡಲು ಮನಸ್ಸಿಲ್ಲದ ಜೀವ ಅದೊಂದೇ.

೪. ಮಾಳಿಗಿ

ಕಡೇ ದಿನ ಹಳೇ ಊರಿನ ಓಣಿಯಲ್ಲಿ ಹೊರಟಿದ್ದೆವು. ಬಾಗಿಲ ಮುಂದೆ ಮೇಜು ಹಾಕಿಕೊಂಡು ಅಲ್ಲಿನ ಮುದುಕಿಯೊಬ್ಬಳು ರವೆ ಹಿಟ್ಟಿನ ಚೂರನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಪಕ್ಕಕ್ಕೆ ಒಗೆಯುತ್ತಿದ್ದಳು. ಆಯಿ ಗಕ್ಕನೆ ನಿಂತಳು.

"ಲೇ, ಇದು ನಮ್ಮ ಲಗ್ನದ ಗೌಲಿ ಅಲ್ಲೇನೋ!"

ನಮ್ಮ ಕಡೆ ಮದುವೆಯಲ್ಲಿ ಹೆಂಗಸರು ಕೂತು ಪಾಯಸಕ್ಕೆ ಹಿಟ್ಟಿನಿಂದ ಸಣ್ಣ ಕಾಳು ಹೊಸೆಯುತ್ತಾರಲ್ಲ, ಹೆಚ್ಚೂ ಕಡಿಮೆ ಅದೇ. ಆಯಿ ಕೇಳದೇ ಸ್ಟೂಲಿನ ಮೇಲೆ ಕೂತು ಕೈ ಹಚ್ಚಿದಳು. ಆ ಮುದುಕಿ ತನ್ನ ಮಾತಿನಲ್ಲಿ ಏನೋ ಗದರಿದಳು. ಆಯಿ, "ದಪ್ಪ ಆತು ನಿನ್ನದ, ಇಷ್ಟು ದಪ್ಪ ಯಾರು ತಿಂತಾರ?" ಅಂತ ಕನ್ನಡದಲ್ಲೇ ತಿರುಗಿ ಗದರಿದಳು. ಅರ್ಧ ತಾಸಿಗೆ ಇಬ್ಬರೂ ಒಬ್ಬರ ಬೆರಳು ಒಬ್ಬರು ಹಿಡಿದು ತಿದ್ದುತ್ತಿದ್ದರು.

ನಾನು ಮೊಬೈಲಿನಲ್ಲಿ ಮಾತಾಡಿ ಅವರ ಭಾಷೆಗೆ ತಿರುಗಿಸಿ ಕೇಳಿಸಿದೆ: ನಮ್ಮ ಆಯಿ ಐದು ದಿನದಿಂದ ಬಿಸಿ ಊಟ ಉಂಡಿಲ್ಲ, ಬಳ್ಳೊಳ್ಳಿ ಬೇಡ, ಉಳ್ಳಾಗಡ್ಡಿ ಬೇಡ, ಹೊತ್ತು ಮುಳುಗುವುದರೊಳಗೆ ಬೇಕು. ಮುದುಕಿ ಎದೆ ಮುಟ್ಟಿಕೊಂಡು ಒಳಗೆ ಓಡಿದಳು. ಟೊಮ್ಯಾಟೊ, ಎಣ್ಣೆ, ಉಪ್ಪು, ಅಷ್ಟೇ. ಹಬೆಯಾಡುವ ತಾಟು ಬಂತು.

ಆಯಿ ಮೇಲೆ ನೋಡಿದಳು. ಓಣಿಯಲ್ಲಿ ಬಿಸಿಲಿಲ್ಲ. "ಮುಳುಗಿತು ಬಿಡೋ."

ನಾನು ತಲೆ ಹಿಡಿದು ನೆಲಕ್ಕೆ ಕೂತೆ. ಮುದುಕಿಗೆ ಅರ್ಥ ಆತು. ತಲೆ ಆಡಿಸಿ, ಬೆರಳನ್ನು ಆಕಾಶಕ್ಕೆ ಮಾಡಿ, ಒಂದು ಕೈಯಲ್ಲಿ ತಾಟು, ಇನ್ನೊಂದರಲ್ಲಿ ಆಯಿಯ ರಟ್ಟೆ ಹಿಡಿದು ಮೆಟ್ಟಿಲು ಹತ್ತಿಸಿದಳು. ನಾನು ಹಿಂದಿನಿಂದ ನೂಕಿದೆ. ಮೂರು ಅಂತಸ್ತು. ಮೇಲಿನ ಬಯಲು ಮಾಳಿಗಿಗೆ ಬಂದರೆ ಅಲ್ಲಿ ಸೂರ್ಯ! ಮನೆಗಳ ಮೇಲೆ ನಾಲ್ಕು ಬೆರಳು ಉಳಿದಿದ್ದ.

"ಐತಿ ಆಯಿ, ಐತಿ! ಉಣ್ಣು!"

ಆಯಿ ಕೂತಳು. ಕಣ್ಣು ಮುಚ್ಚಿದಳು. ಉಣ್ಣುವ ಮೊದಲು ಣಮೋಕಾರ ಮಂತ್ರ ಒಂಬತ್ತು ಸಲ, ಬೆರಳಿನ ಗೆಣ್ಣಿನ ಮೇಲೆ ಎಣಿಸಿ. ಸೂರ್ಯ ಮೂರು ಬೆರಳಾದ. ಆಯಿಯ ಎಣಿಕೆ ಆರಕ್ಕೆ ಬಂದಿತ್ತು.

"ಆಯಿ, ಲಗೂನ ಮುಗಸ!"

ಆಯಿ ಒಂದು ಕಣ್ಣು ತೆಗೆದಳು. "ಎಣಿಕಿ ತಪ್ಪಸಿದಿ ನೋಡು." ಮತ್ತೆ ಒಂದರಿಂದ.

ಸೂರ್ಯ ಎರಡು ಬೆರಳು. ಒಂದು. ಬಾಯಿ ಮುಚ್ಚಿಕೊಂಡೇ ಇದ್ದೆ, ದೇವರಾಣೆ. ಆಯಿಯ ಬೆರಳು ಎಂಟನೇ ಗೆಣ್ಣಿಗೆ ಬಂತು. ನನಗೆ ತಡೆಯಲಿಲ್ಲ. "ಇನ್ನೊಂದ ಆಯಿ! ಒಂದ!"

ಮತ್ತೆ ಒಂದರಿಂದ.

ಆಯಿ ಕಣ್ಣು ತೆರೆದಾಗ ಸೂರ್ಯನಿದ್ದ ಜಾಗದಲ್ಲಿ ಬರೇ ಕೆಂಪು ಇತ್ತು. ಆಮೇಲೆ ಆಯಿ ನನ್ನ ಬಲಗಿವಿ ಹಿಡಿದಳು. ಆ ಮುದುಕಿ, ಒಂದು ಶಬ್ದ ತಿಳಿಯದಿದ್ದರೂ, ಬಂದು ಎಡಗಿವಿ ಹಿಡಿದಳು.

"ತಿನ್ನು ನೀನಽ" ಅಂತ ಆಯಿ ತಾಟು ನನ್ನ ಕಡೆ ನೂಕಿದಳು. "ನೀ ಹೆಂಗೂ ಕೆಟ್ಟಾಂವ ಅದಿ."