ಬರ್ಮಾ ಯುದ್ಧ ಗೆದ್ದ ನನ್ನ ಜೀಪು

ಈ ವರ್ಷದ ಕಪ್ ನನ್ನದೇ!

ಜನವರಿ ಒಂದನೆಯ ತಾರೀಖು ಬೆಳಿಗ್ಗೆ, ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನ ಮೂರನೆಯ ಮಾಳಿಗೆಯ ಗ್ಯಾಲರಿಯಲ್ಲಿ ಹಲ್ಲುಜ್ಜುತ್ತ ನಿಂತು ನಾನು ಹೀಗೆಂದು ಜಗತ್ತಿಗೆ ಸಾರಿದೆ. ಬಾಯಿ ತುಂಬ ಪೇಸ್ಟ್ ಇತ್ತು. ಜಗತ್ತಿಗೆ ಕೇಳಿಸಿತೋ ಇಲ್ಲವೋ, ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿ ಅನುರಾಧಾಳಿಗೆ ಕೇಳಿಸಿತು.

"ಕಪ್ ಟೇಬಲ್ ಮ್ಯಾಲ ಇಟ್ಟೇನಿ, ಚಾ ಆರಿ ಹೋಗ್ತದ. ಒದರಬ್ಯಾಡ್ರಿ!"

ನನ್ನ ಹೆಸರು ಸೋಮನಾಥ. ವಿಕ್ರೋಳಿಯ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ನಟ್ಟು ಬೋಲ್ಟು ಎಣಿಸುವ ಕೆಲಸ. ಹುಚ್ಚು ಮಾತ್ರ ಬೇರೆ: ಹಳೆಯ ಮಿಲಿಟರಿ ಗಾಡಿಗಳು. ಪ್ರತಿವರ್ಷ ಫೆಬ್ರುವರಿಯಲ್ಲಿ ವಿಕ್ರೋಳಿಯ ಮೈದಾನದಲ್ಲಿ ಹಳೆಯ ಮಿಲಿಟರಿ ಗಾಡಿ ಮತ್ತು ದೊಡ್ಡ ದೊಡ್ಡ ಟ್ರಕ್ಕುಗಳ ಮೇಳ ನಡೆಯುತ್ತದೆ; ಎಲ್ಲಕ್ಕಿಂತ ಅಸಲಿಯಾದ ಗಾಡಿಗೆ ಜಡ್ಜುಗಳು ಕಪ್ ಕೊಡುತ್ತಾರೆ. ಹತ್ತು ವರ್ಷ ನಾನು ಅಲ್ಲಿ ಮಂದಿಯ ಗಾಡಿಗಳ ಮುಂದೆ ಬಾಯಿ ತೆರೆದು ನಿಂತಿದ್ದೆ. ಹನ್ನೊಂದನೆಯ ವರ್ಷ, ಬೆಳಗಾವಿ ಕಡೆಯ ಗುಜರಿಯವನೊಬ್ಬನಿಂದ ನನ್ನದೇ ಒಂದು ಜೀಪು ತಂದೆ. "ಇದು ಎರಡನೇ ಮಹಾಯುದ್ಧದಾಗ ಬರ್ಮಾಕ್ಕ ಹೋಗಿ ಬಂದ ಗಾಡಿ ನೋಡ್ರಿ," ಎಂದ ಅವನು. ನಾನು ನಂಬಿದೆ. ನಂಬಿದ್ದಷ್ಟೇ ಅಲ್ಲ, ಆಫೀಸು, ಬಿಲ್ಡಿಂಗು, ಬೆಳಗಿನ ಲೋಕಲ್ ಟ್ರೇನು, ಎಲ್ಲ ಕಡೆಗೂ ಬರ್ಮಾ ಯುದ್ಧವನ್ನು ಹೊಸದಾಗಿ ಆರಂಭಿಸಿದೆ!

ಅದೇ ಹುಮ್ಮಸ್ಸಿನಲ್ಲಿ ಮಾವನವರಿಗೆ ಫೋನು ಹಚ್ಚಿದೆ. ಮಾವನವರೆಂದರೆ ಅನುರಾಧಾಳ ತಂದೆ ದಾನಪ್ಪನವರು, ಧಾರವಾಡದ ಹತ್ತಿರದ ಊರು. ಸೈನ್ಯದಲ್ಲಿ ಹದಿನೇಳು ವರ್ಷ ಡ್ರೈವರ್ ಆಗಿದ್ದು ಹವಾಲ್ದಾರರಾಗಿ ಮನೆಗೆ ಬಂದವರು. ಎಪ್ಪತ್ತೊಂದರ ಯುದ್ಧದಲ್ಲಿ ಗಾಡಿ ಹೊಡೆದವರು. ಈಗ ಎಪ್ಪತ್ತಾರು ವರ್ಷ.

"ಮಾವಾರ, ಮೇಳಕ್ಕ ಬರ್ರಿ. ಮೈದಾನದಾಗ ಒಂದು ರೌಂಡ್ ನೀವ ಹೊಡೀರಿ. ಇದು ನನ್ನ ಮಾತು!"

 "ಖರೇನ್ರಿ ಅಳಿಯಾರ? ಫೆಬ್ರುವರಿ ಇಪ್ಪತ್ತೆಂಟಕ್ಕ ನನ್ನ ಲೈಸೆನ್ಸ್ ಮುಗೀತದ. ಮೊಣಕಾಲು ನೋಡಿ ಡಾಕ್ಟರ್ ಇನ್ನ ಸಾಕು ಅಂದಾರ. ರಿನ್ಯೂ ಮಾಡಸೂದಿಲ್ಲ. ಒಂದ ಸಲ ಜೀಪಿನ ಸ್ಟೇರಿಂಗ್ ಹಿಡದು ಬಿಟ್ಟಬಿಡ್ತೀನಿ," ಎಂದರು.

ಮಾತು ಕೊಡುವಾಗ ನನಗೆ ಖರ್ಚೇನೂ ಇರಲಿಲ್ಲ ನೋಡಿ, ಧಾರಾಳವಾಗಿ ಕೊಟ್ಟೆ.

ಜೀಪು ವಡಾಲದಲ್ಲಿ ಅಮೀರಸಾಬನ ಗ್ಯಾರೇಜಿನಲ್ಲಿತ್ತು. ವಿಜಯಪುರದ ಅಮೀರಸಾಬ ಟ್ರಕ್ಕುಗಳ ಮೇಸ್ತ್ರಿ. ಎರಡು ತಿಂಗಳು ರಿಪೇರಿ ಮಾಡಿ, ಮೇಳಕ್ಕೆ ನಾಲ್ಕು ದಿನ ಇರುವಾಗ ಮಿಲಿಟರಿ ಹಸಿರು ಬಣ್ಣ ಹೊಡೆದು ನಿಲ್ಲಿಸಿದ. ಹೊಳಪಿಲ್ಲದ, ಗಂಭೀರವಾದ ಹಸಿರು. ನೋಡಿದೊಡನೆ ನನಗೇ ಸೆಲ್ಯೂಟ್ ಹೊಡೆಯುವ ಹಾಗಾಯಿತು!

"ಸಾಬ್, ಪೇಂಟ್ ಇನ್ನಾ ಕಚ್ಚಾ ಐತ್ರಿ," ಎಂದ ಅಮೀರಸಾಬ. "ಎಂಟ್ ದಿನ ಥಿನ್ನರ್ ಮುಟ್ಟಸಬ್ಯಾಡ್ರಿ, ಬಣ್ಣಾ ಕರಗಿ ಹೋಗ್ತೈತಿ. ಮತ್ತ ಬಾನೆಟ್ ಬಗ್ಗೆ ಒಂದು ಮಾತ್ ಹೇಳಬೇಕಂತ..."

"ಏನೂ ಹೇಳಬ್ಯಾಡ. ಬರ್ಮಾ ಗೆದ್ದ ಬಾನೆಟ್ ಅದು!"

ಅಮೀರಸಾಬ ಬ್ರಶ್ಶು ತೊಳೆಯಲು ಹೋದ. ಅವನು ಅಂದೇ ಹೇಳಿದ್ದರೆ! ಇಲ್ಲ ಇಲ್ಲ, ನಾನು ಕೇಳಿದ್ದರೆ!

ಮೇಳದ ದಿನ ಬಂತು. ದಾದರ್‌ನ ನಾಟಕದ ಅಂಗಡಿಯಿಂದ ಬ್ರಿಟಿಷ್ ಕಾಲದ ಕ್ಯಾಪ್ಟನ್ ಡ್ರೆಸ್ ಬಾಡಿಗೆಗೆ ತಂದಿದ್ದೆ. ಎದೆಯ ಮೇಲೆ ಮೂರು ತಗಡಿನ ಪದಕ. ಟೊಂಕದ ಪಟ್ಟಾ ನನ್ನ ಹೊಟ್ಟೆಯ ಜೊತೆ ಬಹಳ ಹೊತ್ತು ಹೋರಾಡಿ ಕೊನೆಗೆ ಎರಡನೆಯ ತೂತಿಗೆ ಒಪ್ಪಿಕೊಂಡಿತು. ಈ ಅವತಾರದಲ್ಲಿ ಬೆಳಿಗ್ಗೆ ಗ್ಯಾರೇಜಿಗೆ ಹೋದರೆ, ಹಿಂದಿನ ದಿನವೇ ಊರಿನಿಂದ ಬಂದಿದ್ದ ಮಾವನವರು ಅನುರಾಧಾಳನ್ನು ಕರೆದುಕೊಂಡು ನನಗಿಂತ ಮೊದಲೇ ಅಲ್ಲಿದ್ದರು. ಬಿಳಿ ಧೋತರ, ನೆಹರು ಶರ್ಟು, ತಲೆಯ ಮೇಲೆ ಇಸ್ತ್ರಿಯ ಟೋಪಿ. ಅವರ ಮುಂದೆ ನನ್ನ ಜೀಪು. ನಾಲ್ಕು ಗಾಲಿಯ ಕೆಳಗೆ ನಾಲ್ಕು ಲಿಂಬೆಹಣ್ಣು. ಬಾನೆಟ್ಟಿನ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಎಣ್ಣೆಯಲ್ಲಿ ಕಲಸಿದ ಅಂಗೈ ಅಗಲದ ಕುಂಕುಮ!

"ಏನ್ ಮಾಡಿದ್ರಿ ಮಾವಾರ!" ಎಂದು ಕಿರುಚಿದೆ.

"ಪೂಜಾ ಮಾಡೇನ್ರಿ. ನಮ್ಮ ಪ್ಲಟೂನಿನ್ಯಾಗ ಖಂಡೇ ನವಮಿಗೆ ಆಯುಧ ಪೂಜಾದಾಗ ಹಿಂಗ ಮಾಡತಿದ್ವಿ. ಎಣ್ಣ್ಯಾಗ ಕಲಸಿದ್ರ ಕುಂಕುಮ ಮಳಿಗೂ ಹೋಗೂದಿಲ್ಲ," ಎಂದರು ಮಾವನವರು ಅಭಿಮಾನದಿಂದ.

ಮಳೆಗೆ ಹೋಗುವುದಿಲ್ಲ, ನಿಜ. ನನ್ನ ಹಳೆಯ ಬನಿಯನ್ನಿನಿಂದ ತಿಕ್ಕಿದರೂ ಹೋಗಲಿಲ್ಲ, ಸೀಮೆಎಣ್ಣೆ ಹಚ್ಚಿದರೂ ಹೋಗಲಿಲ್ಲ. ಬರುವವರು ಜಡ್ಜುಗಳು ಸ್ವಾಮಿ! ಒಂದು ಸ್ಕ್ರೂ ಹೊಸದಿದ್ದರೂ ಅಂಕ ಕತ್ತರಿಸುವ ಮಂದಿ! ಬರ್ಮಾದ ಕಾಡಿನಲ್ಲಿ ಬ್ರಿಟಿಷ್ ಸಾಹೇಬ ಜೀಪಿಗೆ ವಿಭೂತಿ ಹಚ್ಚುತ್ತಿದ್ದನೇ? ಅಮೀರಸಾಬ "ಬ್ಯಾಡ್ರೀ ಸಾಬ್" ಎನ್ನುತ್ತ ಓಡಿ ಬರುವಷ್ಟರಲ್ಲಿ ನಾನು ಥಿನ್ನರ್ ಡಬ್ಬಿ ಬಗ್ಗಿಸಿ, ಅರಿವೆಯಿಂದ ಗಸಗಸ ತಿಕ್ಕಿಬಿಟ್ಟೆ.

ಕುಂಕುಮ ಹೋಯಿತು. ಹಿಂದೆಯೇ ಹಸಿರು ಬಣ್ಣವೂ ಹೋಯಿತು. ಕೆಳಗಿನಿಂದ ಹಳೆಯ ಗಟ್ಟಿ ಬಿಳಿ ಬಣ್ಣ ಇಣುಕಿತು. ಬಿಳಿಯ ಮೇಲೆ ಒಂದು ಕೆಂಪು ತ್ರಿಕೋನ. ತ್ರಿಕೋನದ ಕೆಳಗೆ ದುಂಡಗಿನ ಕನ್ನಡ ಅಕ್ಷರಗಳು:

"ಎರಡು ಅಥವಾ ಮೂರು ಸಾಕು."

ಬರ್ಮಾ ಗೆದ್ದ ನನ್ನ ಜೀಪು ಕುಟುಂಬ ಯೋಜನೆಯ ಪ್ರಚಾರದ ಗಾಡಿ!

"ನಾ ಅವತ್ತ ಹೇಳಬೇಕಂತ ಮಾಡಿದ್ದೆ ಸಾಬ್," ಎಂದ ಅಮೀರಸಾಬ ನೆಲ ನೋಡುತ್ತ. "ನೀವು ಬರ್ಮಾ ಬರ್ಮಾ ಅಂತ ಅಷ್ಟು ಖುಷ್ ಇದ್ರಿ, ದಿಲ್ ಮುರೀಲಿಕ್ಕೆ ಮನಸ್ ಆಗ್ಲಿಲ್ರಿ."

ಅನುರಾಧಾ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಮಾವನವರು ನಗಲಿಲ್ಲ. "ತಪ್ಪಾತ್ರಿ ಅಳಿಯಾರ. ನಾ ಕೇಳಿ ಹಚ್ಚಬೇಕಿತ್ತು," ಎಂದರು. ಅವರ ಬೆರಳಿಗೆ ಇನ್ನೂ ಕುಂಕುಮ ಅಂಟಿತ್ತು.

ನಾನಾದರೂ ಅಲ್ಲಿಗೆ ಬಿಡಬೇಕಿತ್ತಲ್ಲ! ಇಬ್ಬರನ್ನೂ ಕೂಡಿಸಿಕೊಂಡು ಹೊರಟು, ಮೈದಾನದ ಸಾಲಿನಲ್ಲಿ ಗಾಡಿ ನಿಲ್ಲಿಸಿ, ತ್ರಿಕೋನದ ಮೇಲೆ ಬರ್ಮಾದ ದೊಡ್ಡ ನಕಾಶೆ ಹಾಸಿ, ಹಾರಿಹೋಗದಂತೆ ಹೆಲ್ಮೆಟ್ ಇಟ್ಟೆ. ಅಷ್ಟರಲ್ಲಿ ಮಾವನವರು ಮೆಲ್ಲಗೆ ಡ್ರೈವರ್ ಸೀಟಿನ ಹತ್ತಿರ ಬಂದು ಸ್ಟೇರಿಂಗ್ ಮೇಲೆ ಕೈ ಇಟ್ಟರು. ಆಗ ಅಂದೆ. ಈ ಬಾಯಿಂದಲೇ ಅಂದೆ:

"ಮಾವಾರ, ಸ್ವಲ್ಪ ದೂರ ಕುರ್ಚಿ ಮ್ಯಾಲ ಕೂಡ್ರಿ. ಫೋಟೋ ತಗೀತಾರ. ನಿಮ್ಮ ಧೋತರ, ಟೋಪಿ ಈ ಗಾಡಿಗೆ ಹೊಂದೂದಿಲ್ಲ."

ಹದಿನೇಳು ವರ್ಷ ಸೈನ್ಯದಲ್ಲಿದ್ದವರಿಗೆ, ಬಾಡಿಗೆ ಡ್ರೆಸ್ಸಿನ ನಾನು! ಈಗ ನೆನಸಿಕೊಂಡರೆ ನಾಲಿಗೆಗೇ ಥಿನ್ನರ್ ಹಚ್ಚಿ ತಿಕ್ಕಬೇಕು ಅನ್ನಿಸುತ್ತದೆ.

"ಹೌದ್ರಿ," ಎಂದರು ಅವರು. ಕೈ ತೆಗೆದರು. ಹೋಗಿ ಕುರ್ಚಿಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕುಳಿತರು. ಅನುರಾಧಾಳ ನಗು ಆಗ ನಿಂತಿತು.

ಹನ್ನೊಂದು ಗಂಟೆಗೆ ಜಡ್ಜ್ ಬಂದರು. ನಿವೃತ್ತ ಕರ್ನಲ್, ಆರಡಿ ಎತ್ತರ, ಬೆಳ್ಳಿ ಮೀಸೆ. ಚಾಸಿಯ ನಂಬರ್ ನೋಡಿ ಹುಬ್ಬು ಏರಿಸಿದರು. ಹೆಲ್ಮೆಟ್ ಎತ್ತಿದರು. ನಕಾಶೆ ಸರಿಸಿದರು.

"ಯೇ ಕ್ಯಾ ಲಿಖಾ ಹೈ?" ಇದೇನು ಬರೆದಿದೆ ಎಂದು ಕೇಳಿದರು.

"ಸರ್, ರೆಜಿಮೆಂಟಿನ ಸೀಕ್ರೆಟ್ ಕೋಡ್, ಸರ್!" ಎಂದೆ, ಅಟೆನ್ಷನ್‌ನಲ್ಲಿ ನಿಂತು.

ಕರ್ನಲ್ ತ್ರಿಕೋನವನ್ನು ಬೆರಳಿನಿಂದ ತಟ್ಟಿದರು. ಅಕ್ಷರ ಬಾರದಿದ್ದರೇನು, ನಮ್ಮ ದೇಶದಲ್ಲಿ ಐವತ್ತು ದಾಟಿದವರಿಗೆ ಆ ತ್ರಿಕೋನ ಗೊತ್ತಿಲ್ಲವೇ! "ಈ ಕೋಡ್ ನನಗೂ ಗೊತ್ತು ಕ್ಯಾಪ್ಟನ್ ಸಾಹೇಬ," ಎಂದು ಹಿಂದಿಯಲ್ಲಿ ಹೇಳಿದರು. "ನಮ್ಮ ತಂದೆ ಇದನ್ನು ಪಾಲಿಸಿದ್ದರೆ ನಾನು ಹುಟ್ಟುತ್ತಲೇ ಇರಲಿಲ್ಲ. ನಾನು ಐದನೆಯವನು!"

ಸುತ್ತ ನಿಂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಕರ್ನಲ್ ಅಷ್ಟಕ್ಕೆ ಬಿಡಲಿಲ್ಲ. "ಬರ್ಮಾ ಯುದ್ಧ ಮುಗಿದು ಇಪ್ಪತ್ತು ವರ್ಷದ ಮೇಲೆ ಹುಟ್ಟಿದ ಜೀಪು ಇದು. ಎಪ್ಪತ್ತೊಂದರಲ್ಲಿ ನಮ್ಮ ಸೈನ್ಯ ಇಂಥವನ್ನೇ ಓಡಿಸಿತ್ತು," ಎನ್ನುತ್ತ ತಿರುಗಿದರು. ಆಗ ಅವರ ಕಣ್ಣು ಕುರ್ಚಿಯ ಮೇಲೆ ನೆಟ್ಟಗೆ ಕುಳಿತವರ ಮೇಲೆ ಬಿತ್ತು.

"ಫೌಜೀ?" ಎಂದು ಕೇಳಿದರು.

ಮಾವನವರು ಎದ್ದರು. ಮೊಣಕಾಲು ನೋವು ಎಲ್ಲಿ ಹೋಯಿತೋ! "ಹವಾಲ್ದಾರ್ ದಾನಪ್ಪ, ಡ್ರೈವರ್, ಸಾಬ್!" ಎಂದು ಸೆಲ್ಯೂಟ್ ಹೊಡೆದರು. ಕರ್ನಲ್ ತಿರುಗಿ ಸೆಲ್ಯೂಟ್ ಹೊಡೆದರು. ನಡುವೆ ನಿಂತಿದ್ದ ನಾನು, ಅದು ನನಗೇ ಎಂದು ತಿಳಿದು ಒಂದು ಸೆಲ್ಯೂಟ್ ಹೊಡೆದೆ. ಯಾರೂ ತೆಗೆದುಕೊಳ್ಳಲಿಲ್ಲ.

ಮಾವನವರು ಜೇಬಿನಿಂದ ಕರವಸ್ತ್ರ ಬಿಚ್ಚಿ ತೋರಿಸಿದರು. ಒಳಗೆ ಎರಡು ಪದಕ. ಪಟ್ಟಿಯ ಬಣ್ಣ ಮಾಸಿತ್ತು. ನಿಜವಾದವು ಅಷ್ಟು ಚಿಕ್ಕವಿರುತ್ತವೆಂದು ನನಗೆ ಗೊತ್ತೇ ಇರಲಿಲ್ಲ.

ಕರ್ನಲ್ ನನ್ನ ಕಡೆ ನೋಡಿದರು. "ಈ ಜೀಪಿನ ಪಕ್ಕ ಈ ಮನುಷ್ಯನನ್ನು ನಿಲ್ಲಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರೆ ಕಪ್ ನಿಮಗೇ ಕೊಡುತ್ತಿದ್ದೆ. ಹೋಗಲಿ, ಈಗ ಮೈದಾನದ ಸುತ್ತು ಶುರುವಾಗುತ್ತೆ. ಎರಡು ಸುತ್ತು. ಇವರನ್ನು ಸ್ಟೇರಿಂಗ್‌ಗೆ ಕೂಡಿಸಿ."

ಕೂಡಿಸಿದೆನೇ? ಇಲ್ಲ! ಆಫೀಸಿನವರು ಕ್ಯಾಮೆರಾ ಹಿಡಿದು ಬಂದಿದ್ದರು. ಹೋದ ಮಾನವನ್ನು ಸ್ವಲ್ಪವಾದರೂ ಹಿಂದಕ್ಕೆ ತರಬೇಕಲ್ಲ! "ಮಾವಾರ, ಮೊದಲನೇ ರೌಂಡ್ ನಂದು, ಎರಡನೇದು ನಿಮ್ದು," ಎಂದೆ.

"ಆತ್ರಿ. ಒಂದನೇ ಗೇರಿಗೆ ಇಳಸೂ ಮುಂದ ಕ್ಲಚ್ ಎರಡ ಸಲ ಒತ್ರಿ, ಅಳಿಯಾರ. ಹಳೇ ಗಾಡಿ ಐತಿ, ಸಿಟ್ಟಿನದು."

"ಗೊತ್ತೈತ್ರಿ!" ಎಂದೆ. ಗೊತ್ತಿರಲಿಲ್ಲ.

ಟ್ರಕ್ಕುಗಳ ಸಾಲಿನ ಹಿಂದೆ ನನ್ನ ಸವಾರಿ ಹೊರಟಿತು. ಒಂದು ಕೈ ಸ್ಟೇರಿಂಗ್ ಮೇಲೆ, ಒಂದು ಕೈ ಜನರತ್ತ! ವೇದಿಕೆಯ ಮುಂದೆ ಎದುರಿನ ಟ್ರಕ್ಕು ನಿಧಾನ ಮಾಡಿತು. ಕ್ಯಾಮೆರಾ ನೋಡಿ ನಗುತ್ತ, ಕ್ಲಚ್ ಒಂದೇ ಸಲ ಒತ್ತಿ, ಗೇರನ್ನು ಒಂದನೆಯದಕ್ಕೆ ನೂಕಿದೆ. ಗರ್ರ್ರ್ ಎಂದಿತು. ನನಗೆ ಹಟ ಬಂದು ಇನ್ನೂ ಜೋರಾಗಿ ನೂಕಿದೆ. ಕಟಕ್! ಕೆಳಗೆ ಏನೋ ಮುರಿಯಿತು. ಜೀಪು ಒಮ್ಮೆ ಜಿಗಿದು ನಿಂತುಬಿಟ್ಟಿತು. ಎಂಜಿನ್ ಕೂಗಿದರೂ ಗಾಲಿ ತಿರುಗಲಿಲ್ಲ.

ಅಲ್ಲಿಂದ ಕುರ್ಚಿಯ ಕಡೆ ನೋಡಿದೆ. ಮಾವನವರು ಎದ್ದು, ಧೋತರದ ಚುಂಗು ಸಿಕ್ಕಿಸಿಕೊಂಡು, ತಮ್ಮ ಸುತ್ತಿಗೆ ತಯಾರಾಗಿ ನಿಂತಿದ್ದರು. ಶಬ್ದ ಕೇಳಿದ್ದೇ ಅವರಿಗೆ ತಿಳಿಯಿತು. ಚುಂಗು ಬಿಚ್ಚಿ ಮತ್ತೆ ಕುಳಿತರು.

ನಾನು ಹೋಗಿ ಎದುರು ನಿಂತೆ.  "ಇರ್ಲಿ ಬಿಡ್ರಿ. ಗಾಡಿ ಅಂದ ಮ್ಯಾಲ ಮುರೀತಾವ," ಎಂದರು ಅವರೇ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮಧ್ಯಾಹ್ನ ಅಮೀರಸಾಬ ಟೆಂಪೋ ಮತ್ತು ದಪ್ಪ ಹಗ್ಗ ತಂದ. ಜೀಪನ್ನು ಟೆಂಪೋದ ಹಿಂದೆ ಕಟ್ಟಿ ಕೇಳಿದ: "ಹಿಂದ ಸ್ಟೇರಿಂಗ್ ಮ್ಯಾಲ ಯಾರ್ ಕೂಡ್ತಾರ್ರಿ? ಹಗ್ಗ ಸಡಿಲ್ ಬಿಡದಂಗ ಬ್ರೇಕ್ ನೋಡ್ಕೋಬೇಕು. ಕೆಲಸ ಗೊತ್ತಿದ್ದವ್ರ ಬೇಕು."

ಎಲ್ಲರೂ ಮಾವನವರ ಕಡೆ ನೋಡಿದರು. ಅವರು ಟೋಪಿ ಸರಿ ಮಾಡಿಕೊಂಡು ಡ್ರೈವರ್ ಸೀಟಿಗೆ ಏರಿದರು. ಅನುರಾಧಾ ಅವರ ಪಕ್ಕ ಕುಳಿತಳು. ನಾನು ಹಿಂದಿನ ಸೀಟಿಗೆ ಕಾಲಿಡುತ್ತಿದ್ದಂತೆ ಅವಳು ಕೈ ಅಡ್ಡ ಹಿಡಿದಳು.

"ಟೆಂಪೋದಾಗ ಕೂಡ್ರಿ. ನಿಮ್ಮ ಡ್ರೆಸ್ ಈ ಗಾಡಿಗೆ ಹೊಂದೂದಿಲ್ಲ!"

ಟೆಂಪೋದ ಹಿಂಭಾಗದಲ್ಲಿ ಹಳೆಯ ಟೈರುಗಳ ನಡುವೆ ಬರ್ಮಾದ ಕ್ಯಾಪ್ಟನ್ ಕುಳಿತ. ಹಗ್ಗ ನೋಡಿಕೊಳ್ಳಲು ಹಿಂದಕ್ಕೆ ಮುಖ ಮಾಡಿ ಕೂಡಬೇಕು. ಹೀಗಾಗಿ ವಿಕ್ರೋಳಿಯಿಂದ ವಡಾಲದವರೆಗೆ ನನ್ನ ಕಣ್ಣೆದುರಿಗೆ ಮಾವನವರ ಮುಖವೇ. ಘಾಟ್ಕೋಪರ್ ಬಂತು, ಚೆಂಬೂರ್ ಬಂತು. ಗೇರು ಮುರಿದ ಗಾಡಿ! ಆದರೂ ಪ್ರತಿ ತಿರುವಿಗೂ ಕೈ ಹೊರಗೆ ಚಾಚಿ ಸಿಗ್ನಲ್ ತೋರಿಸಿದರು. ಹಗ್ಗ ಒಮ್ಮೆಯೂ ಸಡಿಲಾಗಲಿಲ್ಲ, ಒಮ್ಮೆಯೂ ಜಗ್ಗಲಿಲ್ಲ. ಬಾನೆಟ್ಟಿನ ಮೇಲಿನ ತ್ರಿಕೋನ ನೋಡಿ ಬೈಕಿನವರು ನಕ್ಕರೆ ಇವರೂ ನಕ್ಕು ತಲೆ ಬಾಗಿಸಿದರು. ಅಷ್ಟು ಸಂತೋಷದಲ್ಲಿ ಅವರನ್ನು ನಾನು ಎಂದೂ ನೋಡಿರಲಿಲ್ಲ. ಅದನ್ನು ನೋಡಲಾರದೆ ನಾನು ಹಗ್ಗದ ಗಂಟು ನೋಡುತ್ತ ಕುಳಿತೆ.

ಗ್ಯಾರೇಜಿನಲ್ಲಿ ಇಳಿದು, ಕೀಲಿಕೈ ನನ್ನ ಕೈಗೆ ಕೊಟ್ಟರು. "ಭಾಳ ಛಲೋ ಗಾಡಿ ಐತ್ರಿ. ಒಂದ ಸಪ್ಪಳಿಲ್ಲ!" ಎಂದರು. ಆ ರಾತ್ರಿಯ ಟ್ರೇನಿಗೆ ಊರಿಗೆ ಹೋದರು.

ಗೇರಿನ ಸಾಮಾನು ಹುಡುಕಿ ಅಮೀರಸಾಬ ಜೀಪು ರಿಪೇರಿ ಮಾಡಿದಾಗ ಮಾರ್ಚ್ ಐದು. ತ್ರಿಕೋನ ಮುಚ್ಚಬೇಡ ಎಂದು ಹೇಳಿದ್ದೆ. ಕುಂಕುಮವನ್ನು ಈ ಸಲ ನಾನೇ ಎಣ್ಣೆಯಲ್ಲಿ ಕಲಸಿ ಹಚ್ಚಿದೆ. ಆಮೇಲೆ ಮಾವನವರಿಗೆ ಫೋನು ಮಾಡಿದೆ.

"ಮಾವಾರ, ನಂದು ತಪ್ಪಾತು. ಗಾಡಿ ಚಾಲೂ ಆಗೇತಿ. ನಾಳೆನ ಹೊರಟ ಬರ್ರಿ, ನೀವ ಹೊಡೀರಿ."

ಆ ಕಡೆಯಿಂದ ನಗು ಕೇಳಿಸಿತು.

"ಅಯ್ಯ, ರಿಪೇರಿ ಯಾಕ ಮಾಡಸಿದ್ರಿ ಅಳಿಯಾರ? ಲೈಸೆನ್ಸ್ ಮುಗದ್ಹೋತು. ಇನ್ನ ಯಾರರ ಹಗ್ಗಾ ಕಟ್ಟಿ ಎಳದ್ರ ಅಷ್ಟ ನಾ ಹೊಡೀಬೇಕು!"

ಫೋನು ಇಟ್ಟವನೇ ಅಮೀರಸಾಬನಿಗೆ ಹೇಳಿದ್ದೇನೆ: ಆ ಹಗ್ಗ ಯಾರಿಗೂ ಕೊಡಬೇಡ, ಎತ್ತಿಡು.